ಬಾರದವರ ಹಾಸ್ಟೆಲ್ಲು

ವೆರ್ಲಾ ಫೈಸ್ಟ್ ಬಾಗಿಲು ತಟ್ಟಿಯೇ ಒಳಗೆ ಹೋಗುತ್ತಿದ್ದಳು. ಆರನೇ ಮಹಡಿಯಲ್ಲಿ ಯಾರೂ ಇಲ್ಲವೆಂಬುದು ಅವಳಷ್ಟು ಚೆನ್ನಾಗಿ ಮತ್ತಾರಿಗೂ ಗೊತ್ತಿರಲಿಲ್ಲ. ಕೀಲಿಗೊಂಚಲು ಇದ್ದದ್ದು ಅವಳ ಸೊಂಟದಲ್ಲೇ. ಆದರೂ ಎರಡು ಸಲ ತಟ್ಟಿ, ಒಂದು ಗಳಿಗೆ ನಿಂತು, ಆಮೇಲೆ ಕೀಲಿ ತಿರುಗಿಸುತ್ತಿದ್ದಳು.

ಬಾಯ್ಲರ್ ನೋಡಿಕೊಳ್ಳುವ ಆರಿನ್‌ಗೆ ಇದು ತಮಾಷೆ. "ಏನೇ ವೆರ್ಲಾ, ಯಾರಾದ್ರೂ ಓಗೊಟ್ರಾ?"

"ಓಗೊಟ್ಟ ದಿನ ಮೊದ್ಲು ನಿನ್ನೇ ಮೇಲೆ ಕಳಿಸ್ತೀನಿ, ಸುಮ್ನಿರೋ."

ಅಮೆರಿಕದ ಡಕೋಟಾ ಬಯಲಿನ ಆ ವಿಶ್ವವಿದ್ಯಾಲಯದಲ್ಲಿ ಅವಳು ಕಸ ಗುಡಿಸಲು ಸೇರಿದ್ದು ಮದುವೆಯಾದ ವರ್ಷ. ಗಂಡ ಡ್ವೈಟ್ ಆಗ ಎಣ್ಣೆಬಾವಿಗಳಲ್ಲಿ ದುಡಿಯುತ್ತಿದ್ದ. ಬಾವಿ ತೋಡುವವರಿಂದ ಊರು ಕಿಕ್ಕಿರಿದಿದ್ದ ಕಾಲ ಅದು. ಜನ ಕಾರುಗಳಲ್ಲೇ ಮಲಗುತ್ತಿದ್ದರು. ಹೊಸ ಹಾಸ್ಟೆಲ್ಲಿನ ಬೀಜ ಬಿದ್ದದ್ದು ಆಗಲೇ. ರಾಜ್ಯವು ವಿಶ್ವವಿದ್ಯಾಲಯಕ್ಕೆ ತಲೆ ಎಣಿಸಿ ಹಣ ಕೊಡುತ್ತದೆ; ಕಟ್ಟಡಕ್ಕಾದರೆ ಮುಂದೆ ಬರಲಿರುವ ತಲೆಗಳನ್ನೂ ಎಣಿಸುತ್ತದೆ. ಇಪ್ಪತ್ತು ವರ್ಷದಲ್ಲಿ ಎರಡು ಸಾವಿರ ಮಕ್ಕಳು ಹೆಚ್ಚುತ್ತಾರೆಂದು ರಾಜಧಾನಿಯ ಕಚೇರಿಯೊಂದು ಹೇಳಿತು. ಅದೇ ಮಾತು ವರದಿಯಿಂದ ವರದಿಗೆ ದಾಟುತ್ತ ಬಂತು. ಕೊನೆಗೆ ಎಂಟು ಮಹಡಿ ಎದ್ದು ನಿಂತವು. ಮಕ್ಕಳು ಮೂರು ಮಹಡಿಗಾಗುವಷ್ಟು ಬಂದರು. ಉಳಿದ ಐದಕ್ಕೆ ಬೀಗ ಬಿತ್ತು.

ಬೀಗ ಹಾಕಿದರೂ ಕೆಲಸ ಉಳಿಯಿತು. ಕೊಳವೆಯಲ್ಲಿ ನೀರು ನಿಂತರೆ ರೋಗ ಹುಟ್ಟುತ್ತದೆಂದು ಪ್ರತಿ ಸೋಮವಾರ ಬೆಳಿಗ್ಗೆ ಕೋಣೆ ಕೋಣೆಗೂ ಹೋಗಿ ನಲ್ಲಿ ಮೂರು ನಿಮಿಷ ಬಿಡಬೇಕು, ಕಕ್ಕಸಿಗೆ ನೀರು ಹಾಯಿಸಬೇಕು. ಬಿಸಿನೀರಿನ ಸಂಪರ್ಕ ಇರಲಿಲ್ಲ, ಕೊಳವೆ ಹೆಪ್ಪುಗಟ್ಟದಷ್ಟು ಮಾತ್ರ ಶಾಖ. ಪ್ಲಾಸ್ಟಿಕ್ ಬಿಚ್ಚದ ಹಾಸಿಗೆಗಳು, ಗೀರು ಬೀಳದ ಮೇಜುಗಳು. ಒಂದೇ ಸಲ ಹತ್ತು ಕೋಣೆಗಳ ನಲ್ಲಿ ಬಿಟ್ಟು ಪಡಸಾಲೆಯಲ್ಲಿ ನಿಂತರೆ, ಬೆಳಗಿನ ಕ್ಲಾಸಿಗೆ ತಡವಾಯಿತೆಂದು ಒಂದಿಡೀ ಮಹಡಿ ಮುಖ ತೊಳೆಯುತ್ತಿದೆ ಅನ್ನಿಸುತ್ತಿತ್ತು. ಅವಳು ಬಾಗಿಲು ತಟ್ಟಲು ಶುರುಮಾಡಿದ್ದು ಹಾಗೆ.

ಎರಡು ಸಾವಿರದ ನಾಲ್ಕರ ಅಕ್ಟೋಬರಿನಲ್ಲಿ ಒಬ್ಬ ಮುದುಕ ಬಂದು ಮೇಲಿನ ಮಹಡಿ ನೋಡಬೇಕೆಂದ. ಹೆಸರು ಗೇಲನ್ ರೂಡ್. ತೆಳ್ಳಗಿನ ಆಳು, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಮೇಲೇನಿದೆ ಅಂತ ಬಂದ್ರಿ? ಬರೀ ಧೂಳು," ಎಂದಳು ವೆರ್ಲಾ.

"ಇದನ್ನ ಕಟ್ಟಿಸಿದ್ದೇ ನಾನಮ್ಮ. ಅಂದ್ರೆ, ಎರಡು ಸಾವಿರ ಮಕ್ಕಳು ಹೆಚ್ತಾರೆ ಅನ್ನೋ ಲೆಕ್ಕ ನಂದು."

ಅವಳಿಗೆ ನಗು ಬಂತು. "ಹಾಗಾದ್ರೆ ನನ್ನ ಮಂಡಿನೋವಿಗೂ ನೀವೇ ಕಾರಣ. ಬನ್ನಿ."

ಅವತ್ತು ಸೋಮವಾರವಲ್ಲ, ನಲ್ಲಿಗಳೆಲ್ಲ ಮುಚ್ಚಿದ್ದವು. ಆರನೇ ಮಹಡಿಯ ಪಡಸಾಲೆಯಲ್ಲಿ ಮಧ್ಯಾಹ್ನದ ಬಿಸಿಲು ಉದ್ದಕ್ಕೂ ಬಿದ್ದಿತ್ತು. ಗೇಲನ್ ಒಂದೊಂದು ಬಾಗಿಲ ಮುಂದೆಯೂ ನಿಂತು ನಿಂತು ನಡೆದ. ತಾನು ಲೆಕ್ಕ ಹಾಕುತ್ತಿದ್ದ ಬಗೆ ಹೇಳಿದ: ಆಸ್ಪತ್ರೆಗಳಲ್ಲಿ ಹುಟ್ಟಿದವರೆಷ್ಟು, ಅವರಲ್ಲಿ ಒಂದನೇ ತರಗತಿ ಮುಟ್ಟುವವರೆಷ್ಟು, ಹನ್ನೆರಡು ದಾಟುವವರೆಷ್ಟು, ದಾಟಿದವರಲ್ಲಿ ಇಲ್ಲಿಗೆ ಬರುವವರೆಷ್ಟು. ಇನ್ನೂ ಹುಟ್ಟದವರ ಪಾಲಿಗೆ ಕಾಗದದ ಮೇಲೆ ಅಂದಾಜಿನ ಒಂದು ಏರುಗೆರೆ.

"ಎಣ್ಣೆ ಹೋಯ್ತು, ಜನ ಹೋದ್ರು. ಹೆರಿಗೆ ಲೆಕ್ಕ ಇಳೀತಾ ಇದ್ದದ್ದು ನನ್ನ ಮೇಜಿನ ಮೇಲೇ ಇತ್ತು. ಗೆರೆ ಬಗ್ಗಿಸ್ತೀನಿ ಅಂದೆ. ಬಗ್ಗಿಸಿದ್ರೆ ಅನುದಾನವೂ ಬಗ್ಗತ್ತೆ, ಜನ ವಾಪಸ್ ಬರ್ತಾರೆ, ಸುಮ್ನಿರಿ ಅಂದ್ರು ಮೇಲಿನವ್ರು. ಸುಮ್ನಿದ್ದೆ."

"ಮಕ್ಕಳು ಬೇರೆ ರಾಜ್ಯಕ್ಕೆ ಹೋದ್ರು ಅಂತ ನಾವಂದ್ಕೊಂಡಿದ್ವಿ."

"ಎಲ್ಲಿಗೂ ಹೋಗ್ಲಿಲ್ಲಮ್ಮ. ಈ ಮಹಡಿಯವರು ಹುಟ್ಟೇ ಇಲ್ಲ."

ವೆರ್ಲಾ ಕೀಲಿಗೊಂಚಲನ್ನು ಬಿಗಿಯಾಗಿ ಹಿಡಿದಳು. "ಯಾವ ವರ್ಷದವ್ರು?"

"ಈ ಆಗಸ್ಟಿಗೆ ಬರಬೇಕಾಗಿದ್ದವ್ರಾ? ಎಂಬತ್ತಾರು."

ಎಂಬತ್ತಾರರಲ್ಲಿ ಬಾವಿಗಳು ನಿಂತು ಡ್ವೈಟ್ ಮನೆಗೆ ಬಂದು ಕೂತಿದ್ದ. ಅವಳಿಗಾಗ ಇಪ್ಪತ್ತಾರು. ಮುಂದಿನ ವರ್ಷ ನೋಡೋಣ ಕಣೇ ಅಂದಿದ್ದ, ಇವಳೂ ಹೂಂ ಅಂದಿದ್ದಳು. ಅದರ ಮುಂದಿನ ವರ್ಷವೂ ಅದೇ ಮಾತು. ಆಮೇಲೆ ಆ ಮಾತೂ ನಿಂತಿತು.

"ಅದರಲ್ಲಿ ನಂದೂ ಒಂದಿರಬೇಕು," ಎಂದಳು. ಈ ಮಾತನ್ನು ತನ್ನ ಅಕ್ಕನ ಮುಂದೆಯೂ ಅವಳು ಆಡಿರಲಿಲ್ಲ.

ಅಷ್ಟರಲ್ಲಿ ಪಡಸಾಲೆಯ ತುದಿಯಲ್ಲಿ ನೀರು ಬೀಳುವ ಸದ್ದು ಕೇಳಿಸಿತು.

ಇಬ್ಬರೂ ಮುಖ ಮುಖ ನೋಡಿಕೊಂಡರು. ವೆರ್ಲಾ ಮುಂದೆ ನಡೆದಳು. ಕೊನೆಯ ಕೋಣೆಯ ಬೀಗ ಹಾಕಿದಂತೆಯೇ ಇತ್ತು. ತಟ್ಟಲು ಕೈ ಎತ್ತಿದಳು. ಆವತ್ತು ಮಾತ್ರ ತಟ್ಟುವ ಧೈರ್ಯ ಬರಲಿಲ್ಲ. ನೇರ ಕೀಲಿ ತಿರುಗಿಸಿದಳು. ನಲ್ಲಿ ಪೂರಾ ಬಿಟ್ಟಿತ್ತು. ಕನ್ನಡಿಯ ತುಂಬ ಹಬೆ. ನೀರಿಗೆ ಬೆರಳು ಒಡ್ಡಿ ಥಟ್ಟನೆ ಎಳೆದುಕೊಂಡಳು, ಸುಡುವ ಬಿಸಿ. ಹಬೆಯ ನಡುವೆ ಅಂಗೈಯಗಲ ಜಾಗವನ್ನು ಯಾರೋ ಮುಖ ನೋಡಿಕೊಳ್ಳಲೆಂದು ಒರೆಸಿದಂತಿತ್ತು.

ಗೇಲನ್ ಹೊಸ್ತಿಲಲ್ಲೇ ನಿಂತಿದ್ದ. ಟೋಪಿ ಕೆಳಗೆ ಬಿದ್ದದ್ದೂ ಅವನಿಗೆ ತಿಳಿದಿರಲಿಲ್ಲ. "ತಪ್ಪಾಯ್ತು," ಎಂದ, ಅವಳಿಗಲ್ಲ, ಕೋಣೆಗೆ. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದ. ಮತ್ತೆ ಆ ಊರಿಗೆ ಬರಲಿಲ್ಲ.

ವೆರ್ಲಾ ನಲ್ಲಿ ನಿಲ್ಲಿಸಿದಳು. ಓಡಲಿಲ್ಲ. ಹಾಸಿಗೆಯ ಪ್ಲಾಸ್ಟಿಕ್ ಕಿತ್ತು, ಕೆಳಗಿನಿಂದ ಒಗೆದ ಹಚ್ಚಡ ತಂದು ಹಾಸಿದಳು, ದಿಂಬಿಗೆ ಗವಸು ಹಾಕಿದಳು. ಬಾಗಿಲೆಳೆದು ಬೀಗ ಹಾಕುವ ಮುಂಚೆ, "ಬಿಸಿ ನೋಡಿ ಮುಟ್ಟು," ಎಂದಳು. ಅಂದು ನಡೆದದ್ದನ್ನು ಬಹಳ ದಿನ ಯಾರಿಗೂ ಹೇಳಲಿಲ್ಲ.

ಆ ಚಳಿಗಾಲ ರಾಜ್ಯ ಹೊಸದಾಗಿ ಎಣಿಸಿತು. ಗೆರೆ ಕೊನೆಗೂ ಬಗ್ಗಿತು, ಅದರೊಡನೆ ವಿಶ್ವವಿದ್ಯಾಲಯದ ಪಾಲೂ ಇಳಿಯಿತು. ಮೇಲಿನ ಐದು ಮಹಡಿಗಳ ಕೊಳವೆಗಳನ್ನೇ ಬರಿದು ಮಾಡಿ ಶಾಖ ಪೂರ್ತಿ ನಿಲ್ಲಿಸಬೇಕೆಂದು ಆದೇಶ ಬಂತು. ಆರಿನ್ ಆ ಮಹಡಿಗಳ ನೀರಿನ ಮೀಟರಿನ ಹಳೆಯ ಪುಸ್ತಕ ಹಿಡಿದುಕೊಂಡು ಅವಳನ್ನು ಹುಡುಕಿಕೊಂಡು ಬಂದ. ಮುಖದಲ್ಲಿ ಎಂದಿನ ಕಿಡಿಗೇಡಿತನ ಇರಲಿಲ್ಲ.

"ಸೋಮವಾರ ಬಿಟ್ರೆ ಬೇರೆ ದಿನ ನೀರು ಬಿಡ್ತಿದ್ಯಾ?"

"ಇಲ್ಲ."

"ಸರಿಯಾಗಿ ನೆನಪು ಮಾಡ್ಕೊಂಡು ಹೇಳೇ. ಆಗಸ್ಟಿನಿಂದ ಖರ್ಚಾಗಿರೋ ನೀರು ಒಬ್ಬಳು ಬಿಡೋ ನೀರಲ್ಲ. ಇನ್ನೂರು ಮುನ್ನೂರು ಜನ ದಿನಾ ಸ್ನಾನ ಮಾಡಿರೋ ಲೆಕ್ಕ ಇದು. ಎಲ್ಲಾದ್ರೂ ಸೋರ್ತಿದೆಯಾ ಅಂತ ಪೈಪು ಪೈಪು ತಡಕಿದೆ. ಒಂದು ಹನಿ ಇಲ್ಲ."

ವೆರ್ಲಾ ಆಗ ಅವನಿಗೆ ಎಲ್ಲವನ್ನೂ ಹೇಳಿದಳು. ಡ್ವೈಟ್‌ನ ಮಾತನ್ನೂ ಬಿಡಲಿಲ್ಲ. ಆರಿನ್ ನಗಲಿಲ್ಲ. ಪುಸ್ತಕ ಮಡಚಿ ಕಂಕುಳಲ್ಲಿಟ್ಟುಕೊಂಡ.

"ಯಾವತ್ತು ಬಂದ್ ಮಾಡ್ಬೇಕಂತೆ?" ಎಂದು ಅವಳೇ ಕೇಳಿದಳು.

"ಶುಕ್ರವಾರ."

"ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗಿದೆ ಆರಿನ್. ಇಂಥ ಚಳೀಲಿ ಯಾರನ್ನಾದ್ರೂ ಆಚೆ ಹಾಕ್ತಾರಾ?"

ಆದೇಶ ಮೀರಿದರೆ ಅವನ ಕೆಲಸಕ್ಕೇ ಕುತ್ತು. ಆದರೂ ಯಂತ್ರದ ಬಿಡಿಭಾಗ ಬಂದಿಲ್ಲ, ಕವಾಟ ಜಾಮಾಗಿದೆ ಎಂದೆಲ್ಲ ಮೇಲಿನವರಿಗೆ ಬರೆಯುತ್ತ ಆರಿನ್ ಬಯಲಿನಲ್ಲಿ ಹಿಮ ಕರಗುವವರೆಗೆ, ಏಪ್ರಿಲ್ ಕೊನೆಯ ತನಕ, ಆ ಐದು ಮಹಡಿಗಳನ್ನು ಬೆಚ್ಚಗಿಟ್ಟ.