ಖಾಸಿಂ ಚಾಚಾರ ಮನೆಗಾಡಿ

ಎದೆಯ ಮೇಲೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟುಕೊಂಡು ವ್ಯಾನಿನೊಳಗಿನ ಹಾಸಿಗೆಯಲ್ಲಿ ಅಂಗಾತ ಮಲಗಿದ ಭಾರಿ ಆಳು. ಖಾಸಿಂ ಚಾಚಾ ಎಂದರೆ ಇವತ್ತಿಗೂ ನನ್ನ ಕಣ್ಣಿಗೆ ಮೊದಲು ಬರುವುದು ಇದೇ. ಸ್ಟೇರಿಂಗ್ ಹಿಡಿದವನು ನಾನು. ಸಿಂಧನೂರಿನಿಂದ ಮಸ್ಕಿ ರಸ್ತೆಗೆ ಹೊರಳಿ, ಒಂದು ತಗ್ಗನ್ನೂ ತಪ್ಪಿಸದೆ ಗಾಡಿ ಓಡಿಸಬೇಕೆಂದು ಅವರ ಅಪ್ಪಣೆ. ಲೋಟದ ನೀರು ಅಂಗಿಯ ಮೇಲೆ ಚೆಲ್ಲಿದಾಗಲೆಲ್ಲ ಹಿಂದಿನಿಂದ ಬೈಗುಳ ಬರುತ್ತಿತ್ತು. ಅದು ನನಗೋ ರಸ್ತೆಗೋ ತಿಳಿಯುತ್ತಿರಲಿಲ್ಲ. ಮರುದಿನ ಆ ಹಾಸಿಗೆಯ ಕೆಳಗೆ ಇನ್ನೊಂದು ಸ್ಪ್ರಿಂಗು ಸೇರುತ್ತಿತ್ತು, ಗಾಡಿ ಓಡಿಸಲೆಂದು ನನ್ನ ಬೀಜದಂಗಡಿಗೆ ಮತ್ತೊಮ್ಮೆ ಬೀಗ ಬೀಳುತ್ತಿತ್ತು.

ಅಂಗಡಿಯ ಎದುರಿಗೇ ಅವರ ವರ್ಕ್‌ಶಾಪು. ವಳಕಮದಿನ್ನಿ ಕಡೆಯ ರೈತರೆಲ್ಲ ಭತ್ತ ಹೇರುವ ಟ್ರೇಲರ್‌ಗಳನ್ನು ಅವರಲ್ಲೇ ಕಟ್ಟಿಸುತ್ತಿದ್ದರು. ಕಟ್ಟಿದ ಟ್ರೇಲರಿನ ಮೇಲೆ ತಾವೇ ಹತ್ತಿ ನಾಲ್ಕು ಸಲ ಕುಣಿಯದೆ ಯಾರಿಗೂ ಒಪ್ಪಿಸಿದವರಲ್ಲ. ಮಗಳ ಮದುವೆಯಲ್ಲೂ ಅಷ್ಟೆ, ಬೀಗರು ಬರುವ ಮೊದಲು ಶಾಮಿಯಾನದ ಒಂದೊಂದು ಕಂಬವನ್ನೂ ಅಪ್ಪಿ ಹಿಡಿದು ಅಲ್ಲಾಡಿಸಿದ್ದರು. ಬಿರಿಯಾನಿ ಅಡುಗೆಯವರಿಗೆ ನಗು ತಡೆಯಲಾಗಲಿಲ್ಲ. ಚಾಚಾ ಆ ನಗುವನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಅಂಥವರು ಹಳೆಯ ಶಾಲಾ ವ್ಯಾನೊಂದನ್ನು ತಂದು ಮನೆ ಮಾಡಲು ನಿಂತದ್ದು ಹೆಂಡತಿಗಾಗಿ, ನಮ್ಮ ಚಾಚಿಗಾಗಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಚಾಚಿಗೆ ಹೆಚ್ಚು ಹೊತ್ತು ಕೂರಲಾಗುತ್ತಿರಲಿಲ್ಲ. ಬಸ್ಸು, ಆಟೋ ಎಲ್ಲ ದೂರವಾದವು. ತವರು ಸಂತೆಕಲ್ಲೂರಿಗೆ ಕೂಡ ಹೋಗಿ ವರ್ಷಗಳಾಗಿದ್ದವು. ಒಂದು ದಿನ ಚಾಚಾ ಮೊಬೈಲಿನಲ್ಲಿ ಪರದೇಶದ ವಿಡಿಯೋ ತೋರಿಸಿದರು. ಗಂಡ ಹೆಂಡತಿ ಮನೆಯಂಥ ಗಾಡಿಯಲ್ಲಿ ಮರುಭೂಮಿ ದಾಟಿ, ಕೆಂಪು ಬಂಡೆಗಳ ಕೊರಕಲಿನಲ್ಲಿ ನಡೆದುಹೋಗಿ ಜಲಪಾತ ನೋಡುತ್ತಾರೆ. ಮಲಗಿದಲ್ಲಿಂದಲೇ ನೋಡಿದ ಚಾಚಿ, ಲಿಂಗಸುಗೂರಿನ ಆಚೆಯೂ ಹೀಗೇ ಬಂಡೆಗಳ ನಡುವೆ ನೀರು ಬೀಳುವ ಜಾಗವಿದೆ, ಚಿಕ್ಕವಳಿದ್ದಾಗ ಅಬ್ಬಾನ ಹೆಗಲ ಮೇಲೆ ಕೂತು ನೋಡಿದ್ದೆ, ಇನ್ನೊಮ್ಮೆ ನೋಡಬೇಕು ಅಂದರು. ಚಾಚಿ ಏನನ್ನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಚಾಚಾರಿಗೆ ಬೇರೆ ಕೆಲಸವೇ ಉಳಿಯಲಿಲ್ಲ. ಹಾಸಿಗೆ, ಅದರ ಪಕ್ಕ ಹಿಡಿದುಕೊಳ್ಳಲು ಕಂಬಿ, ಮಲಗಿದವರ ಕಣ್ಣಿನ ಮಟ್ಟಕ್ಕೇ ಕೊರೆದ ಕಿಟಕಿ, ಗ್ಯಾಸ್ ಒಲೆ, ಒಂದು ಪುಟ್ಟ ಸಂಡಾಸು. ಗಾಡಿ ಹೋಗದ ಬಂಡೆಯ ಹಾದಿಗೆಂದು ಎರಡು ಕಡೆ ಉದ್ದ ಪೈಪು ಬೆಸೆದ ಹೊರುವ ಕುರ್ಚಿ. ಅದರಲ್ಲಿ ಮೊದಲು ಭತ್ತದ ಚೀಲ ಕೂತಿತು, ಆಮೇಲೆ ನಾನು ಕೂತೆ. ನಾಲ್ವರು ನನ್ನನ್ನು ಹೊತ್ತು ಓಣಿ ಸುತ್ತಿದಾಗ ನನ್ನ ಹೆಂಡತಿ ನಾಚಿಕೆಯಿಂದ ಬಾಗಿಲು ಹಾಕಿಕೊಂಡಳು.

ಇಷ್ಟೆಲ್ಲ ಮಾಡಿದವರು, ಅವರ ಜೊತೆಗೆ ನಾನೂ, ಎಡವಿದ್ದು ಒಂದೇ ಕಡೆ. ಕಾಲುವೆ ನೀರಿನಲ್ಲಿ ಬೆಳೆದವರು ನಾವು. ಡ್ಯಾಮು ತುಂಬಿ ಕಾಲುವೆಗೆ ನೀರು ಬಿಟ್ಟರೆ ನಮಗೆ ಲೋಕಕ್ಕೆಲ್ಲ ನೀರು ಬಂದ ಹಾಗೆ. ಆ ವರ್ಷ ಕಾಲುವೆ ದಂಡೆ ಮುಟ್ಟಿ ಹರಿಯುವುದನ್ನು ನೋಡಿ, "ಈಗ ಹೊಂಟ್ರ ನೀರು ಭರ್ಪೂರ್ ಇರತಾವ" ಅಂದರು ಚಾಚಾ. ನಾನೂ ಹೌದೆಂದೆ.

ಮಸ್ಕಿ ದಾಟಿದ್ದೇ ಹಸಿರು ಹಿಂದೆ ಬಿತ್ತು. ಸಂತೆಕಲ್ಲೂರಿನ ಹತ್ತಿರ ಚಾಚಿ ಕಿಟಕಿಯ ಪರದೆ ಸರಿಸಲು ಹೇಳಿ, ಮೊಣಕಾಲೆತ್ತರಕ್ಕೇ ನಿಂತುಹೋದ ಜೋಳವನ್ನು ನೋಡುತ್ತಲೇ ಇದ್ದರು. ಲಿಂಗಸುಗೂರು ಕಳೆದು, ರಸ್ತೆ ಮುಗಿಯುವಲ್ಲಿ ಬಸಣ್ಣ ಎಂಬವನ ಚಹಾದ ಗುಡಿಸಲು. ಜಲಪಾತದ ಹಾದಿ ಕೇಳಿದ್ದಕ್ಕೆ ಅವನು ನಮ್ಮನ್ನೂ ಗಾಡಿಯನ್ನೂ ನೋಡಿ, "ಮಳೀನ ಆಗಿಲ್ಲಲ್ರೀ, ನೀರೆಲ್ಲಿಂದ ಬರಬೇಕು?" ಅಂದ. ಚಾಚಾ ಆದರೂ ಬಂಡೆ ಹತ್ತಿ ಹೋಗಿ ನೋಡಿ ಬಂದರು. ಅಲ್ಲಿ ಒಣಗಿದ ಪಾಚಿ ಬಿಟ್ಟರೆ ಏನೂ ಇರಲಿಲ್ಲ. ವ್ಯಾನಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತವರಿಗೆ ಚಾಚಿ ಮೆಲ್ಲಗೆ ಹೇಳಿದರು.

"ನನಗ ಗೊತ್ತಿತ್ತು. ಈ ಕಡೆ ಮಳಿ ಇಲ್ಲಂದ್ರ ನೀರಿಲ್ಲ. ಹೇಳಿದ್ರ ನೀವು ಗಾಡಿ ತೆಗೀತಿದ್ದಿಲ್ಲ."

ಬೇರೆ ಯಾರಾದರೂ ಆಗಿದ್ದರೆ ರೇಗುತ್ತಿದ್ದರು, ನಾನಂತೂ ರೇಗುತ್ತಿದ್ದೆ. ಚಾಚಾ ಬಾಗಿಲ ಕಂಬಿ ಹಿಡಿದು ಹೊಟ್ಟೆ ಕುಲುಕಿಸಿ ನಕ್ಕರು. "ಹಂಗಾದ್ರ ಊಟ ಸಂತೆಕಲ್ಲೂರಾಗ ಮಾಡೂಣು" ಅಂದರು. ಜೋಳದ ಹೊಲದ ಬದಿಗೆ ವ್ಯಾನು ನಿಲ್ಲಿಸಿ, ಹಿಂದಿನ ಬಾಗಿಲು ಪೂರಾ ತೆಗೆದು, ಚಾಚಿಯ ಕೈಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ದೊಡ್ಡ ಮನುಷ್ಯ ಎಂದು ನನಗೆ ಅವತ್ತು ಅನ್ನಿಸಿತು. ಗುಡಿಸಲಿನಿಂದ ಹೊರಡುವ ಮೊದಲೇ ಅವರು ಬಸಣ್ಣನಿಗೆ ತಮ್ಮ ನಂಬರು ಕೊಟ್ಟು, ನೀರು ಬಿದ್ದ ದಿನ ಫೋನ್ ಮಾಡಬೇಕೆಂದು, ಕುರ್ಚಿ ಹೊರಲು ಆಳುಗಳನ್ನೂ ನೋಡಿಡಬೇಕೆಂದು ಹೇಳಿದ್ದರು.

ಆ ವರ್ಷ ಅತ್ತ ಮಳೆಯಾಗಲಿಲ್ಲ. ಬೇಸಿಗೆಗೆ ಮುಂಚೆ ಒಂದು ಬೆಳಿಗ್ಗೆ ಚಾಚಾ ವರ್ಕ್‌ಶಾಪಿನಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ವ್ಯಾನು ಮನೆಯ ಮುಂದೆ ಧೂಳು ತಿನ್ನುತ್ತಾ ನಿಂತಿತು. ಕೊಳ್ಳಲು ಬಂದವರನ್ನು ಚಾಚಿ ಹಿಂದಕ್ಕೆ ಕಳಿಸಿದರು. ವಾರಕ್ಕೊಮ್ಮೆ ಅದನ್ನು ಚಾಲೂ ಮಾಡಿಡುವುದು ನನ್ನ ಕೆಲಸವಾಯಿತು.

ಗಂಡ ತೀರಿದ ಮೇಲೆ ಮನೆಯಲ್ಲೇ ಇರಬೇಕಾದ ಇದ್ದತ್ತಿನ ತಿಂಗಳುಗಳು ಚಾಚಿಗೆ ಮುಗಿದು, ಮಳೆಗಾಲ ಅರ್ಧ ಕಳೆದಿತ್ತು. ವ್ಯಾನಿನ ಕೀಲಿ ಕೊಡಲು ಹೋದಾಗ ಚಾಚಿಯ ದಿಂಬಿನ ಹತ್ತಿರ ಚಾಚಾರ ಮೊಬೈಲು ಬಡಿದುಕೊಂಡಿತು. ಚಾಚಿ ಎತ್ತುವಷ್ಟರಲ್ಲೇ ಆ ಕಡೆಯ ದನಿ ಕೋಣೆಗೆಲ್ಲ ಕೇಳುತ್ತಿತ್ತು.

"ಚಾಚಾ, ನಾ ಬಸಣ್ಣ. ಮಳಿ ಹೊಡದದ, ನೀರು ಜೋರ ಬೀಳಾಕತ್ತಾವ. ಮಂದಿ ತಯಾರ ಅದಾರ. ಚಾಚೀನ ಕರಕೊಂಡು ಬಂದುಬಿಡ್ರಿ."

ಪಾಪ, ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಹೇಳೋಣವೆಂದು ನಾನು ಕೈ ಚಾಚಿದೆ. ಚಾಚಿ ಫೋನು ಕೊಡಲಿಲ್ಲ. "ಹೊಂಟೀವಪ್ಪ" ಅಂದರು.

ಬಸಣ್ಣನ ಆಳುಗಳು ಹೊತ್ತ ಕುರ್ಚಿ ಬಂಡೆಗಳ ಮೇಲೆ ಒಂದು ಚೂರೂ ಅಲುಗಲಿಲ್ಲ. ಕೊರಕಲು ತಿರುಗಿದ್ದೇ ನೀರು ಎದುರಿಗೇ ಬಂತು. ಕೆಂಪಗೆ, ಬಂಡೆಯ ನೆತ್ತಿಯಿಂದ ಧುಮುಕುತ್ತಿತ್ತು. ಹನಿ ನಮ್ಮ ಮುಖಕ್ಕೆಲ್ಲ ಹಾರುತ್ತಿತ್ತು. ಮಾತಾಡಿದರೆ ಪಕ್ಕದವರಿಗೂ ಕೇಳದು. ಚಾಚಿ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡು ಕಿವಿಯಲ್ಲಿ ಹೇಳಿದರು:

"ಅವರು ಇದ್ದಿದ್ರ ಹುಷಾರ್ ಹುಷಾರ್ ಅಂತ ಒದರಾಕತ್ತಿರತಿದ್ರು. ನನಗ ಒಂದು ಮಾತೂ ಕೇಳಸ್ತಿದ್ದಿಲ್ಲ ನೋಡು."

ಹೇಳಿ ನಕ್ಕರು. ನಗುನಗುತ್ತಲೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.