ಬಾಲ ಕಳೆದುಕೊಂಡ ರಬ್ಬರ್ ಮೀನು

ದೊಡ್ಡ ಮೀನಿಗೆ ಆಸೆ ತೋರಿಸುವ ರಬ್ಬರ್ ಮೀನಿನ ಬಾಯಿಯಿಂದ ಗಾಳದ ಮುಳ್ಳು ತೂರಿಸಿ, ಬೆನ್ನಿನ ನಡುವೆ ಹೊರತೆಗೆಯಬೇಕು. ಕೊಂಚ ಸೊಟ್ಟಗಾದರೂ ಹಾಳಾದ್ದು ಈಜುವುದಿಲ್ಲ, ಬುಗುರಿಯಂತೆ ಸುತ್ತುತ್ತದೆ. ಎರಡು ಮೂರು ಮೀನು ಹರಿದುಹಾಕಿದ ಮೇಲೆ ಒಂದಕ್ಕೆ ಮುಳ್ಳು ನೆಟ್ಟಗೆ ಕೂತಿತು. ಹಿತ್ತಲಿನ ನೀರಿನ ಡ್ರಮ್ಮಿನಲ್ಲಿ ಎಳೆದು ನೋಡಿದೆ. ಬಾಲ ಅಲ್ಲಾಡಿತು! "ಮಸಾಲೆ ಅರೀತಿರು, ಕೊರಮೀನು ತತ್ತೀನಿ" ಎಂದು ಹೆಂಡತಿಗೆ ಕೂಗಿ, ಕಪಿಲಾ ಹೊಳೆಗೆ ಓಡಿದೆ.

ಜೊಂಡಿನ ಅಂಚಿಗೆ ಎಸೆದು ನಿಧಾನವಾಗಿ ದಾರ ಸುತ್ತುತ್ತಿದ್ದೆ. ದಬಕ್ಕನೆ ನೀರು ಸಿಡಿಯಿತು, ಕೋಲು ಬಾಗಿತು. ಮರುಕ್ಷಣವೇ ದಾರ ಸಡಿಲವಾಯಿತು. ಎಳೆದುಕೊಂಡರೆ ರಬ್ಬರ್ ಮೀನಿಗೆ ಬಾಲವೇ ಇರಲಿಲ್ಲ.

ಆದರೂ ಕುಣಿಯುತ್ತಲೇ ಮನೆಗೆ ಬಂದೆ. "ನೋಡು, ನಿಜವಾದ ಮೀನು ಅನ್ಕಂಡು ಕಚ್ಬುಡ್ತು ಕಣೇ!"

ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಮಸಾಲೆ ಅರೆದಾಯ್ತು. ಇದನ್ನೇ ತೊಳ್ಕೊಂಡು ಬನ್ನಿ."