ಕಾಕೂಗೆ ನಾನು ಹೇಳದೆ ಉಳಿದ ಮಾತು

ಮೊನ್ನೆ ಸೊಸೆ ದಾಳಿಂಬೆ ಬಿಡಿಸಿ ಸಿಪ್ಪೆಗಳನ್ನು ಕಸದ ಬುಟ್ಟಿಗೆ ಹಾಕಲು ಹೊರಟಿದ್ದಳು. "ಒಗೀಬ್ಯಾಡವಾ, ಇಲ್ಲೆ ಕೊಡು" ಎಂದು ನನ್ನ ಬಾಯಿಂದ ತಾನಾಗಿಯೇ ಬಂತು. ಕೈಗೆ ತೆಗೆದುಕೊಂಡು ಮೂಸಿದೆ. ಅದೇ ಒಗರು ವಾಸನೆ. ನಮ್ಮ ಮನೆಯಲ್ಲಿ ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ. ಆದರೂ ಸಿಪ್ಪೆಯನ್ನು ಮೊರದಲ್ಲಿ ಹರವಿ ಬಿಸಿಲಿಗಿಟ್ಟೆ. ಹಿಂದೊಮ್ಮೆ ಎರಡು ವರ್ಷ ಬಿಡದೆ ಇದೇ ಕೆಲಸ ಮಾಡಿದ್ದೆ, ಸಿಪ್ಪೆ ಒಣಗಿಸಿ, ಕುಟ್ಟಿ, ಮಜ್ಜಿಗೆಯಲ್ಲಿ ಕಲಸಿ... ಬಾಜೂ ಮನೆಯ ಕಾಕೂಗಾಗಿ.

ನಾನು ಲಗ್ನವಾಗಿ ಬನಹಟ್ಟಿಗೆ ಬಂದಾಗ ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದು ನಾಲ್ಕೈದು ವರ್ಷವಾಗಿತ್ತು. ನನ್ನ ತವರು ಸಾಂಗಲಿ. ಮನೆಯಲ್ಲಿ ಕನ್ನಡ ಆಡಿ, ಸಾಲಿಯಲ್ಲಿ ಮರಾಠಿ ಕಲಿತು ಬೆಳೆದವಳು. ಹೊಸ ಊರಿನಲ್ಲಿ ಮೊದಲು ನನ್ನನ್ನು ಮಾತಾಡಿಸಿದವಳು ಕಾಕು. ಅವಳ ಗಂಡ ಕಾಕಾ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಸೀರೆ ನೇಯುತ್ತಿದ್ದರು, ಕಾಕು ರಾಟಿಯ ಮುಂದೆ ಕೂತು ಅವರ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮಕ್ಕಳಿರಲಿಲ್ಲ. ನಲವತ್ತು ದಾಟಿದ ಗಟ್ಟಿ ಹೆಂಗಸು. ಅವಳಷ್ಟು ರುಚಿಯಿಂದ ಉಣ್ಣುವವರನ್ನು ನಾನು ಮುಂದೆಂದೂ ಕಾಣಲಿಲ್ಲ. ಬಿಸಿ ರೊಟ್ಟಿಯ ಮೇಲೆ ಕೆಂಪು ಖಾರ ಸವರಿ, ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು, ಕಣ್ಣಲ್ಲಿ ನೀರು ಬಂದರೂ ನಗುತ್ತ ಉಣ್ಣುತ್ತಿದ್ದಳು. "ತಿನ್ನಲೇ ಹುಡುಗಿ, ನಾಚಬ್ಯಾಡ. ಹೊಟ್ಟಿಗೆ ಮೋಸ ಮಾಡಬಾರದು" ಎಂದು ನನ್ನ ತಾಟಿಗೂ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಒಂದು ದಿನ ಬಾವಿಯ ಕಟ್ಟೆಯ ಮೇಲೆ ಕೊಡ ಇಳಿಸಿ, ಸಣ್ಣ ದನಿಯಲ್ಲಿ ಹೇಳಿದಳು. ಮುಟ್ಟು ನಿಂತು ವರ್ಷವಾಗಿದ್ದರೂ ಮತ್ತೆ ರಕ್ತ ಹೋಗುತ್ತಿತ್ತು. ಎರಡು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ. ನಾನು ಕಾಕಾಗೆ ಹೇಳಿದೆ. ಜಮಖಂಡಿಯ ಡಾಕ್ಟರು ಪರೀಕ್ಷೆ ಮಾಡಿ, ಗರ್ಭಚೀಲದ ಬಾಯಲ್ಲಿ ಕೆಟ್ಟ ಗಂಟು ಬೆಳೆದಿದೆ, ಮುಂಬಯಿಗೆ ಹೋದರೆ ಒಳಗೆ ರೇಡಿಯಂ ಇಟ್ಟು, ಮೇಲಿಂದ ಕಿರಣ ಬಿಟ್ಟು ಅದನ್ನು ಸುಡುತ್ತಾರೆ ಎಂದರು.

ಕಾಕು ಒಲ್ಲೆ ಎಂದಳು. "ಸಾಯೂದಿದ್ರ ಇಲ್ಲೇ ಸಾಯ್ತೇನಿ. ಹೊಟ್ಟ್ಯಾಗ ಬೆಂಕಿ ಇಡಿಸ್ಕೊಳ್ಳಾಕ ಅಷ್ಟ ದೂರ ಯಾಕ ಹೋಗ್ಲಿ?"

ಎಂಟು ದಿನ ಅವಳ ಬೆನ್ನು ಹತ್ತಿದೆ. "ನಾನೂ ಕೂಡ ಬರ್ತೇನ್ರಿ ಕಾಕು, ನಿಮ್ಮ ಕೈ ಬಿಡೂದಿಲ್ಲ" ಎಂದೆ. ನನ್ನ ಮುಖ ನೋಡಿಯೇ ಅವಳು ಹೊರಟದ್ದು. ಕುಡಚಿಯಲ್ಲಿ ರೈಲು ಹತ್ತಿದೆವು.

ಮುಂಬಯಿಯ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಕಾಕಾ ಹೊರಗಿನ ಪಡಸಾಲೆಯಲ್ಲಿ ಕೂತರು. ಒಳಗೆ ನಾವಿಬ್ಬರೇ. ಕಾಕೂಗೆ ಮರಾಠಿ ಬರುತ್ತಿರಲಿಲ್ಲ. ಡಾಕ್ಟರು ನನ್ನತ್ತ ತಿರುಗಿ ನಿಧಾನವಾಗಿ ಹೇಳಿದರು: ಕಿರಣ ಗಂಟನ್ನಷ್ಟೇ ಸುಟ್ಟು ಸುಮ್ಮನಾಗುವುದಿಲ್ಲ, ಪಕ್ಕದಲ್ಲೇ ಕರುಳಿದೆ. ಚಿಕಿತ್ಸೆ ನಡೆದಾಗ ಎಲ್ಲರಿಗೂ ಹೊಟ್ಟೆ ಕೆಡುತ್ತದೆ, ಬಹಳ ಜನರಿಗೆ ಆಮೇಲೆ ಸರಿಹೋಗುತ್ತದೆ. ಕೆಲವರಿಗೆ ಮಾತ್ರ ತಿಂಗಳುಗಳ ನಂತರ ಕರುಳು ಕೆಡಲು ಶುರುವಾಗುತ್ತದೆ, ಆಗ ನಮ್ಮ ಕೈಯಲ್ಲಿ ಏನೂ ಇಲ್ಲ. ಇದನ್ನು ಅವರಿಗೆ ತಿಳಿಸಿ, ಒಪ್ಪಿಗೆ ಇದೆಯೇ ಕೇಳಿ.

ಕಾಕು ನನ್ನ ಸೆರಗು ಹಿಡಿದಿದ್ದಳು. "ಏನಂದ್ರವಾ?"

ಹೇಳಿದರೆ ಎದ್ದು ಹೊರಟುಬಿಡುತ್ತಾಳೆ ಎಂದು ನನಗೆ ಗೊತ್ತಿತ್ತು. "ಆರಾಮ ಆಗ್ತೈತಂತ್ರಿ. ನಾಕ ದಿನ ಹೊಟ್ಟಿ ಕೆಡತೈತಂತ, ಅಷ್ಟ" ಎಂದೆ. ಅವಳು ಹೆಬ್ಬಟ್ಟು ಒತ್ತಿದಳು. ನನಗೆ ಆಗ ಇಪ್ಪತ್ತು ವರ್ಷ...

ಮೂರನೆಯ ವಾರ ಭೇದಿ ಹತ್ತಿತು. ದಿನಕ್ಕೆ ಹತ್ತು ಹನ್ನೆರಡು ಸಲ ಎತ್ತಿ ಕೂರಿಸಿದೆ. ಡಾಕ್ಟರು ಹೇಳಿದ ಹಾಗೇ ಊರಿಗೆ ಬಂದ ಮೇಲೆ ಅದು ನಿಂತಿತು, ರಕ್ತವೂ ನಿಂತಿತು. ಕಾಕು ಮತ್ತೆ ರಾಟಿಯ ಮುಂದೆ ಕೂತಳು, ಮತ್ತೆ ರೊಟ್ಟಿ ಬಡಿದಳು. "ನೋಡಲೇ, ನೀ ಗೆದ್ದಿ" ಎಂದು ನನ್ನ ಗಲ್ಲ ಹಿಂಡಿದಳು. ಆ ಎಂಟು ತಿಂಗಳು ನಾನು ಓಣಿಯಲ್ಲಿ ಎದೆ ಸೆಟೆಸಿ ಓಡಾಡಿದೆ.

ಆಮೇಲೆ ಶುರುವಾಯಿತು. ಮೊದಲು ಖಾರ ಬಿಟ್ಟಳು, ನಂತರ ರೊಟ್ಟಿ, ನಂತರ ಬೇಳೆ. ತಿಂದದ್ದು ತಿಂದ ಹಾಗೇ ಹೊರಬೀಳುತ್ತಿತ್ತು, ಜೊತೆಗೆ ರಕ್ತ, ಲೋಳೆ. ಆಗ ಓಣಿಯ ಹೆಂಗಸರೆಲ್ಲ ನಸುಕಿನಲ್ಲಿ ತಂಬಿಗೆ ಹಿಡಿದು ಊರ ಹೊರಗೆ ಹೋಗಬೇಕಿತ್ತು. ಹಗಲು ಹೊತ್ತಿನಲ್ಲಿ ಅವಸರವಾದರೆ ದಾರಿಯಿಲ್ಲ. ಒಮ್ಮೆ ಮಧ್ಯಾಹ್ನ ಓಣಿಯ ನಡುವೆ ಸೀರೆಯಲ್ಲೇ ಆಗಿಹೋಯಿತು. ಜನ ನೋಡಿದರು. ಅಂದಿನಿಂದ ಕಾಕು ಹೊಸ್ತಿಲು ದಾಟಲಿಲ್ಲ. ಕಾಕಾ ಹಿತ್ತಲ ಮೂಲೆಗೆ ತಟ್ಟಿ ಕಟ್ಟಿ ಮರೆ ಮಾಡಿದರು. ಅರಿವೆ ಸಾಲದಾದಾಗ, ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆಯನ್ನೇ ಕತ್ತರಿಸಿ ತಂದರು. ಮೆತ್ತಗಿನ ನೂಲು, ಅವಳಿಗೆ ಮೈ ತರಚೋದಿಲ್ಲ ಎಂದರು.

ಜಮಖಂಡಿಯ ಡಾಕ್ಟರು ಮತ್ತೆ ನೋಡಿದರು. ಕಾಕಾ ಕೇಳಿದರು, "ರೋಗ ಮತ್ತ ಬಂತೇನ್ರಿ?"

"ಇಲ್ರಿ. ಆ ಗಂಟಿನ ಸುಳಿವೂ ಇಲ್ಲ. ಇದು ಕರುಳಿಂದು" ಎಂದರು ಡಾಕ್ಟರು. "ಕರುಳಿನ ಒಳಗ ಮಕಮಲ್ಲಿನಂಥಾ ತೆಳು ಪೊರಿ ಇರತೈತಿ. ಉಂಡದ್ದನ್ನ ಹೀರಿಕೊಳ್ಳೂದೂ ಅದ, ಹೊಲಸು ರಕ್ತಕ್ಕ ಸೇರಧಂಗ ತಡಿಯೂದೂ ಅದ. ನಾಕೈದು ದಿನಕ್ಕ ಹಳೇದು ಉದುರಿ ಹೊಸಾದು ಹುಟ್ಟತೈತಿ. ಕಿರಣ ತಾಗಿ ಪೊರಿ ಸುಟ್ಟಿತ್ತು, ತಿರುಗಿ ಬಂತು. ಆದ್ರ ಅದರ ಬುಡದಾಗಿನ ಸಣ್ಣ ರಕ್ತನಾಳ ಒಂದೊಂದಾಗಿ ಮುಚ್ಚಾಕತ್ಯಾವು. ಹೊಸಾ ಪೊರಿಗೆ ಅನ್ನ ಇಲ್ಲ. ಕರುಳು ಹುಣ್ಣಾಗಿ, ಗಟ್ಟ್ಯಾಗಿ, ಸಣ್ಣಾಗಾಕತ್ತೈತಿ."

"ಔಷಧ?"

ಡಾಕ್ಟರು ಗಂಜಿ, ಮಜ್ಜಿಗೆ, ಅಷ್ಟೇ ಎಂದರು. ದಾಳಿಂಬೆ ಸಿಪ್ಪೆಯ ಪುಡಿ ಓಣಿಯ ಮುದುಕಿಯರು ಹೇಳಿದ್ದು. ಅದರಿಂದ ಏನೂ ಆಗುವುದಿಲ್ಲ ಎಂದು ತಿಳಿದೂ ನಾನು ಕುಟ್ಟುತ್ತಲೇ ಇದ್ದೆ.

ಎರಡನೆಯ ವರ್ಷ ಅವಳು ಚರ್ಮ ಮತ್ತು ಎಲುಬು ಅಷ್ಟೇ ಉಳಿದಳು. ನಾನು ಉಂಡು ಬಂದಿದ್ದರೆ ನನ್ನ ಕೈ ಹಿಡಿದು ಮೂಸುತ್ತಿದ್ದಳು. "ಬದನೀಕಾಯಿ ಮಾಡಿದ್ದ್ಯಾ?" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಬೆನ್ನು ಒರೆಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಮುಂಬಯಿಯ ಡಾಕ್ಟರು ಏನು ಹೇಳಿದ್ದರು, ನಾನು ಏನು ಮುಚ್ಚಿಟ್ಟೆ, ಎಲ್ಲ ಹೇಳಿಬಿಟ್ಟೆ. ಅತ್ತುಬಿಟ್ಟೆ.

ಕಾಕು ಅಳಲಿಲ್ಲ, ಬೈಯಲೂ ಇಲ್ಲ. "ಹೇಳಿದ್ರ ನಾ ಒಪ್ಪತಿದ್ದಿಲ್ಲ" ಎಂದಳು.

"ಅದಕ್ಕ ಹೇಳಲಿಲ್ರಿ."

"ಗೊತ್ತಾತು" ಎಂದು ಗೋಡೆಯ ಕಡೆ ಹೊರಳಿದಳು. ನಾನು ಕೂತೇ ಇದ್ದೆ. ಅಂದು ಅವಳು ಮತ್ತೆ ನನ್ನ ಕಡೆ ತಿರುಗಲಿಲ್ಲ. ಆಮೇಲೆಯೂ ನನ್ನ ಕೈಯಿಂದ ನೀರು ಕುಡಿದಳು, ಗಂಜಿ ಕುಡಿದಳು, ಆದರೆ "ಲೇ ಹುಡುಗಿ" ಎಂದು ಮತ್ತೊಮ್ಮೆ ಕರೆಯಲಿಲ್ಲ. ಇಪ್ಪತ್ತು ದಿನಕ್ಕೆ ಕರುಳು ಪೂರಾ ಮುಚ್ಚಿಕೊಂಡಿತು. ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ, ಮೂರು ದಿನ ಒದ್ದಾಡಿ ಹೋದಳು.

ನಾನು ಹೇಳಿದ್ದನ್ನು ಅವಳು ಕಾಕಾಗೆ ತಿಳಿಸಿರಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ ಅವರು, "ಆ ರೋಗ ಮಾತ್ರ ಹೋಗಿತ್ತು ನೋಡ್ರಿ, ಡಾಕ್ಟರ ಬಾಯಲೇ ಕೇಳೇನಿ" ಎನ್ನುತ್ತಿದ್ದರು. ನನ್ನ ಮುಂದೆ ಕೈ ಮುಗಿದು, "ಮಗಳಿದ್ರೂ ಇಷ್ಟ ಮಾಡತಿದ್ದಿಲ್ಲವಾ" ಎಂದರು. ನಾನು ಸುಮ್ಮನೆ ನಿಂತು ಆ ಮಾತನ್ನು ಕೇಳಿಸಿಕೊಂಡೆ.

ಕಾಕಾ ಹೋಗಿ ಎಷ್ಟೋ ವರ್ಷವಾಯಿತು. ಆ ಮನೆಯನ್ನು ಕೆಡವಿ ಪಾವರ್‌ಲೂಮಿನ ಶೆಡ್ಡು ಹಾಕಿದ್ದಾರೆ. ಮುಂಬಯಿಯಲ್ಲೇ ಹೇಳಿದ್ದರೆ ಅವಳು ಒಂದು ವರ್ಷಕ್ಕೇ ಹೋಗುತ್ತಿದ್ದಳೋ, ಹೋದರೂ ತನ್ನ ರೊಟ್ಟಿ ತಾನು ಉಣ್ಣುತ್ತ ಹೋಗುತ್ತಿದ್ದಳೋ ಎಂದು ಲೆಕ್ಕ ಹಾಕಿ ಹಾಕಿ ನನಗೂ ಎಂಬತ್ತು ದಾಟಿತು. ಅವಳದೊಂದು ಫೋಟೋ ಕೂಡ ಎಲ್ಲಿಯೂ ಇಲ್ಲ. ಈ ಓಣಿಯಲ್ಲಿ ಅವಳನ್ನು ಕಂಡವರು ಈಗ ನಾನೊಬ್ಬಳೇ, ಮತ್ತು ನನಗೂ ಅವಳ ಮುಖ ಸರಿಯಾಗಿ ನೆನಪಾಗುತ್ತಿಲ್ಲ.